ಕುದುರೆಯ ಹಣೆಯ ಕೆಂಪು

ಕೊರೊನಾ ಹಿಂದೆ ಸರಿದು ಜನ ಮಾಸ್ಕ್ ತೆಗೆದ ವರ್ಷ ಅದು. ಸರ್ಕಾರಿ ವಸ್ತುಸಂಗ್ರಹಾಲಯವೊಂದರ ಸಂರಕ್ಷಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾಗಿದ್ದೆ. ಬೆಂಗಳೂರು ಯಡಿಯೂರಿನ ನಮ್ಮ ಮನೆಯ ಮಹಡಿ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಖಾಸಗಿಯಾಗಿ ಕೆಲಸ ಒಪ್ಪಿಕೊಳ್ಳಲು ಶುರು ಮಾಡಿ ಎರಡು ವರ್ಷವಾಗಿತ್ತು.

ನನ್ನ ಕೆಲಸಕ್ಕೆ ಪೇಂಟಿಂಗ್ ಕನ್ಸರ್ವೇಟರ್ ಎನ್ನುತ್ತಾರೆ. ಹಾಳಾದ ಚಿತ್ರ ಸರಿಮಾಡುವವಳು ಎಂದರೆ ಜನಕ್ಕೆ ಬೇಗ ತಿಳಿಯುತ್ತದೆ. ನಿಜವಾಗಿ ನಾವು ಸರಿಮಾಡುವುದು ಕಡಿಮೆ, ಇನ್ನಷ್ಟು ಹಾಳಾಗದಂತೆ ಕಾಯುವುದು ಹೆಚ್ಚು. ಹತ್ತಿ ಸುತ್ತಿದ ಕಡ್ಡಿ, ನಾಲ್ಕಾರು ಬಗೆಯ ದ್ರಾವಣ, ಒಂದು ಮೈಕ್ರೋಸ್ಕೋಪ್, ಒಂದು ಅಲ್ಟ್ರಾವಯಲೆಟ್ ದೀಪ, ಇಷ್ಟೇ ನನ್ನ ಸಲಕರಣೆ.

ನನ್ನ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಕೈಗೆ ಇರುವ ತಾಳ್ಮೆ ನನ್ನ ತಲೆಗೂ ಇಲ್ಲ, ಬಾಯಿಗೂ ಇಲ್ಲ. ಎರಡನೆಯದು, ಕುಂಕುಮ ಕಂಡರೆ ನನಗೆ ಮೈ ಉರಿಯುತ್ತದೆ. ಹಣೆಯ ಮೇಲಿನ ಕುಂಕುಮದ ತಂಟೆಗೆ ನಾನು ಹೋಗುವುದಿಲ್ಲ, ಚಿತ್ರದ ಮೇಲಿನದು ಮಾತ್ರ ನನ್ನ ಶತ್ರು. ಮ್ಯೂಸಿಯಂನಲ್ಲಿದ್ದಾಗ ಯಾರ ಮನೆಯಿಂದ ಯಾವ ಕ್ಯಾನ್ವಾಸ್ ಬಂದರೂ ಅದರ ಮೇಲೆ ಕುಂಕುಮ, ಅರಿಶಿನ, ಗಂಧ, ದೀಪದ ಎಣ್ಣೆ, ಊದುಬತ್ತಿಯ ಮಸಿ. ತಾತನ ಭಾವಚಿತ್ರದ ಹಣೆಗೆ ವರ್ಷವರ್ಷವೂ ಗಂಧ ಮೆತ್ತಿ ಕೊನೆಗೆ ಅಲ್ಲಿ ಬಣ್ಣವೇ ಹೊಪ್ಪಳೆಯಾಗಿ ಎದ್ದುಬಂದದ್ದನ್ನು ಕಂಡಿದ್ದೇನೆ. ಅದನ್ನೆಲ್ಲ ಒರೆಸಿ ಒರೆಸಿ ನನಗೆ ಸಾಕಾಗಿತ್ತು.

ಜನವರಿ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಊರಂಚಿನ ಗೊಟ್ಟಿಗೆರೆಯಿಂದ ಮುನಿರಾಜು ಎಂಬುವರು ಬಂದರು. ಐವತ್ತರ ಆಸುಪಾಸು, ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಒಂದು ಕಾಲದಲ್ಲಿ ಅವರ ಮನೆಯವರು ಅಲ್ಲಿ ರಾಗಿ, ತರಕಾರಿ ಬೆಳೆಯುತ್ತಿದ್ದರು. ಈಗ ಹೊಲವೆಲ್ಲ ಬಡಾವಣೆಯಾಗಿದೆ, ಇವರು ಮನೆಗಳನ್ನು ಬಾಡಿಗೆಗೆ ಕೊಟ್ಟುಕೊಂಡಿದ್ದಾರೆ. ಹೂವಿನ ಚಿತ್ತಾರದ ಹಾಸಿಗೆ ಹೊದಿಕೆಯಲ್ಲಿ ಸುತ್ತಿದ್ದ ಪಟವನ್ನು ಮೇಜಿನ ಮೇಲಿಟ್ಟು, ಬಿಚ್ಚುವ ಮೊದಲೇ ಕ್ಷಮೆ ಕೇಳುವವರ ಹಾಗೆ ಮಾತು ಶುರು ಮಾಡಿದರು.

"ಇದು ರೊಮೇನಿಯಾ ದೇಶದ್ದು ಮೇಡಂ. ನಾವು ಪೂಜೆ ಗೀಜೆ ಮಾಡಿ ಒಂಚೂರು ಹಾಳು ಮಾಡ್ಬಿಟ್ಟಿದ್ದೀವಿ."

ಅವರು ಹೇಳಿದ ಕಥೆ ಹೀಗಿತ್ತು. ನಲವತ್ತು ವರ್ಷಕ್ಕೂ ಹಿಂದೆ ಅವರ ತಂದೆ ಮುನಿಯಪ್ಪ ಆ ಕಡೆಗೆಲ್ಲ ಮೊದಲನೆಯದಾಗಿ ಟ್ರಾಕ್ಟರ್ ಕೊಂಡರು. ಅದು ರೊಮೇನಿಯಾದಿಂದ ಬಂದ ಯಂತ್ರ. ಅದರ ರಿಪೇರಿ ಕಲಿಸಲು ಆ ದೇಶದಿಂದಲೇ ಮಿಹಾಯ್ ಎಂಬ ಎಂಜಿನಿಯರ್ ಬಂದಿದ್ದ. ಬೆಂಗಳೂರಿನ ಸುತ್ತಮುತ್ತ ಓಡಾಡಲು ಅನುಕೂಲವೆಂದು ಇವರ ಮನೆಯ ಹೊರಕೋಣೆಯಲ್ಲಿ ಎಂಟು ತಿಂಗಳು ಉಳಿದುಕೊಂಡ. ಮುದ್ದೆ ನುಂಗುವುದನ್ನು ಕಲಿತ, ಮುನಿರಾಜುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡಾಡಿದ. ಹೊರಡುವ ದಿನ, ತಾನು ಊರು ಬಿಡುವಾಗ ತಾಯಿ ಜೊತೆಗೆ ಕಳಿಸಿದ್ದ ಈ ಚಿತ್ರವನ್ನು ಮುನಿಯಪ್ಪನ ಕೈಗಿಟ್ಟು ಹೋದ. ಚಿತ್ರ ಬರೆದವಳೂ ಆ ತಾಯಿಯೇ. ಹಳ್ಳಿಯ ಹೆಂಗಸು, ಯಾರ ಬಳಿಯೂ ಕಲಿತವಳಲ್ಲ.

ಟ್ರಾಕ್ಟರ್ ಜೊತೆಗಿನ ನಂಟಿನಿಂದ ಬಂದ ಪಟವಾದ್ದರಿಂದ ಆಯುಧ ಪೂಜೆಯ ದಿನ ಟ್ರಾಕ್ಟರಿಗೆ ಪೂಜೆಯಾದ ಮೇಲೆ ಪಟಕ್ಕೂ ಆಗುತ್ತಿತ್ತು. ಮುಂದೆ ಟ್ರಾಕ್ಟರ್ ಹೋಯಿತು, ಹೊಲ ಹೋಯಿತು, ಮುನಿಯಪ್ಪನವರೂ ತೀರಿಕೊಂಡರು. ಪಟದ ಪೂಜೆ ಮಾತ್ರ ನಿಲ್ಲಲಿಲ್ಲ. ಹಿಂದಿನ ವರ್ಷ ಮುನಿರಾಜು ಮಗಳು ಪೂಜೆಯ ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕಿದಾಗ ಅದು ಹೇಗೋ ತಿರುಗಿ ತಿರುಗಿ ಮಿಹಾಯ್‌ನ ಮಗಳು ಅಂಕಾಳ ಕಣ್ಣಿಗೆ ಬಿತ್ತು. ಮಿಹಾಯ್ ಈಗಿಲ್ಲ. ಅವನ ತಾಯಿಯ ಹಳ್ಳಿ ಅಣೆಕಟ್ಟಿನ ನೀರಿನಡಿ ಹೋಗಿದೆ. ಅಜ್ಜಿ ಬರೆದದ್ದೆಂದು ಆ ಕುಟುಂಬದವರ ಬಳಿ ಒಂದೇ ಒಂದು ಹಾಳೆಯೂ ಉಳಿದಿರಲಿಲ್ಲ.

"ಅವ್ರು ಬರ್ತಾವ್ರೆ ಮೇಡಂ, ಇನ್ನು ಇಪ್ಪತ್ತೆರಡು ದಿನಕ್ಕೆ. ಪಟ ಅವ್ರಿಗೇ ಕೊಟ್ಬಿಡಾಣ ಅಂತ ಅಮ್ಮನೇ ಹೇಳಿದ್ರು. ಅವ್ರಜ್ಜಿ ಹೆಂಗೆ ಬರ್ದಿದ್ರೋ ಹಂಗೇ ಇರ್ಬೇಕು. ನಾವು ಅದನ್ನ ಕೆಡಿಸಿದ್ವಿ ಅಂತ ಆ ಹೆಣ್ಮಗಳಿಗೆ ಅನ್ನಿಸ್ಬಾರ್ದು."

ಹೊದಿಕೆ ಬಿಚ್ಚಿದೆ. ಎಪ್ಪತ್ತು ಸೆಂಟಿಮೀಟರ್ ಅಗಲ, ಐವತ್ತು ಎತ್ತರದ ಕ್ಯಾನ್ವಾಸ್, ತೈಲವರ್ಣ. ಮಸಿಯ ಮಬ್ಬಿನ ಹಿಂದೆ ಒಂದು ಹಳ್ಳಿಯ ಬೆಳಗು. ಮರದ ಬೇಲಿ, ಹಲಗೆ ಹೊದಿಸಿದ ಮಾಡಿನ ಮನೆಗಳು, ನಡುವೆ ಕೆಸರಿನ ದಾರಿ. ಒಬ್ಬಾಕೆ ಬಾವಿಯಿಂದ ನೀರು ಸೇದುತ್ತಿದ್ದಾಳೆ. ಬಾವಿಯ ಮೇಲೆ ನಮ್ಮ ಏತದ ಹಾಗೆಯೇ ಉದ್ದನೆಯ ಮರ, ಒಂದು ತುದಿಗೆ ಬಕೆಟ್, ಇನ್ನೊಂದಕ್ಕೆ ಕಲ್ಲಿನ ಭಾರ. ಗಂಡಸೊಬ್ಬ ಏಣಿ ಹತ್ತಿ ಬಣವೆ ಒಟ್ಟುತ್ತಿದ್ದಾನೆ. ಬಾತುಗಳ ಸಾಲು. ಎದುರಿಗೆ ಹುಲ್ಲು ಹೇರಿದ ಗಾಡಿ, ಅದಕ್ಕೆ ಕಟ್ಟಿದ ಕಂದು ಕುದುರೆ. ಕಾಲುಗಳ ಅಳತೆ ತಪ್ಪಿತ್ತು, ಮುಂದಿನ ಬಾತು ಪಕ್ಕದ ನಾಯಿಗಿಂತ ದೊಡ್ಡದಿತ್ತು. ಆದರೆ ಆ ದಾರಿಯಲ್ಲಿ ದಿನವೂ ನಡೆದವಳು ಬರೆದದ್ದೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನನಗೆ ಆ ಚಿತ್ರ ತುಂಬ ಹಿಡಿಸಿತು.

ಅದರ ಮೇಲೆ ಮೂರು ಕಡೆ ಕೆಂಪು. ಗಾಡಿಯ ಚಕ್ರಕ್ಕೊಂದು, ಬಾವಿಯ ಮರಕ್ಕೊಂದು, ಕುದುರೆಯ ಹಣೆಗೆ ಎಲ್ಲಕ್ಕಿಂತ ದಪ್ಪನಾಗಿ ಒಂದು. ನಾನು ಮುನಿರಾಜು ಅವರ ಮುಖ ನೋಡಿದೆ. ಅವರು ಗೋಡೆ ನೋಡಿದರು.

ಪ್ರತಿ ಚಿತ್ರಕ್ಕೂ ನಾನೊಂದು ಕಂಡಿಷನ್ ರಿಪೋರ್ಟ್ ಬರೆಯುತ್ತೇನೆ. ಆಸ್ಪತ್ರೆಯ ಕೇಸ್ ಶೀಟ್ ಇದ್ದ ಹಾಗೆ. ಎಲ್ಲೆಲ್ಲಿ ಏನೇನಾಗಿದೆ ಎನ್ನುವುದಕ್ಕೆ ಒಂದೊಂದು ಸಾಲು, ಸಾಲಿನ ಕೊನೆಗೆ "ಹಾನಿಗೆ ಕಾರಣ" ಎಂಬ ಕಾಲಂ. ಅವತ್ತೇ ಮೂರೂ ಕೆಂಪು ಗುರುತುಗಳನ್ನು ಸಾಲಾಗಿ ನಮೂದಿಸಿ, ಮೂರರ ಎದುರೂ "ಮನೆಯವರ ಪೂಜೆ" ಎಂದು ಬರೆದೆ. ಸ್ವಲ್ಪ ಒತ್ತಿಯೇ ಬರೆದೆ.

ಮೊದಲ ವಾರ ಮಸಿ ತೆಗೆಯುವುದರಲ್ಲೇ ಕಳೆಯಿತು. ಒಂದೊಂದು ಚದರ ಅಂಗುಲವನ್ನೂ ತೇವದ ಹತ್ತಿಯಿಂದ ಒರೆಸುತ್ತ ಹೋದ ಹಾಗೆ ಬೇಲಿಯ ಮೇಲಿನ ಮಂಜು ಕಂಡಿತು, ಹೊಗೆಗೂಡಿನ ಮೇಲೆ ತೆಳ್ಳನೆಯ ನೀಲಿ ಹೊಗೆ ಕಂಡಿತು. ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು, ಆದರೂ ನನಗೆ ಸಮಾಧಾನವಿರಲಿಲ್ಲ. ಇಪ್ಪತ್ತೆರಡು ದಿನ ಎನ್ನುವುದು ಗಡಿಯಾರದ ಹಾಗೆ ತಲೆಯಲ್ಲಿ ಕುಳಿತಿತ್ತು. ಹೊರಗೆ ಯಾರೋ ರಸ್ತೆ ಅಗೆಯುತ್ತಿದ್ದರು, ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ದ್ರಾವಣದ ಘಾಟು. ಮುನಿರಾಜು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು.

ಹಾಗೆ ಮಾಡಿದ ಒಂದು ಫೋನಿನಲ್ಲಿ ಅವರು ನಗುತ್ತ ಹೇಳಿದ ಮಾತು ಇದು: "ನಮ್ಮಮ್ಮ ಒಂದು ಹೇಳ್ಕಳ್ಸವ್ರೆ ಮೇಡಂ. ಕುದುರೆ ಹಣೇದು ಮಾತ್ರ ಮುಟ್ಬ್ಯಾಡಿ ಅಂತೆ. ವಯಸ್ಸಾಯ್ತಲ್ಲ, ಏನೋ ಅಂತಾರೆ. ನೀವು ತಲೆಗೆ ಹಾಕ್ಕೋಬೇಡಿ."

ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಅಜ್ಜಿಯರು ಅದೇ ಮಾತು ಹೇಳಿದ್ದರು, ದೇವರದ್ದು ಅಳಿಸಬೇಡಿ, ಮನೆಗೆ ಒಳ್ಳೆಯದಾಗುವುದಿಲ್ಲ ಎಂದು. "ಸರಿ ಸರಿ" ಎಂದು ಫೋನಿಟ್ಟೆ.

ಇಲ್ಲಿ ನಮ್ಮ ಕೆಲಸದ ಎರಡು ನಿಯಮ ಹೇಳಬೇಕು. ತೈಲವರ್ಣದ ಚಿತ್ರ ಮುಗಿದು ಒಣಗಿದ ಮೇಲೆ ಚಿತ್ರಕಾರರು ಅದಕ್ಕೆ ವಾರ್ನಿಶ್ ಬಳಿಯುತ್ತಾರೆ, ಗಾಜಿನಂಥ ತೆಳು ಪದರ. ಅಲ್ಲಿಗೆ ಅವರ ಕೆಲಸ ಮುಗಿಯಿತು ಎಂದು ಲೆಕ್ಕ. ವಾರ್ನಿಶ್‌ನ ಕೆಳಗಿರುವುದು ಚಿತ್ರಕಾರರದು, ಮೇಲಿರುವುದು ಬೇರೆಯವರದು. ಇದು ಮೊದಲ ನಿಯಮ. ಎರಡನೆಯದು, ಒಂದೇ ಬಣ್ಣದ ಹತ್ತು ಕಲೆಗಳಿದ್ದರೂ ಹತ್ತನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಒಂಬತ್ತು ಕುಂಕುಮವಾಗಿದ್ದರೂ ಹತ್ತನೆಯದು ಕುಂಕುಮವೆಂದು ನಂಬಬಾರದು. ಈ ಎರಡನೆಯ ನಿಯಮವನ್ನು ನಾನು ವಿದ್ಯಾರ್ಥಿಗಳಿಗೆ ಕಲಿಸಿದ್ದೇನೆ. ಮರೆತವರನ್ನು ಎಲ್ಲರ ಎದುರಿಗೆ ಬೈದೂ ಇದ್ದೇನೆ.

ಒಂಬತ್ತನೇ ದಿನ ಮಧ್ಯಾಹ್ನ ಕೆಂಪಿಗೆ ಕೈ ಹಾಕಿದೆ. ಚಕ್ರದ ಮೇಲಿನದನ್ನು ಪರೀಕ್ಷಿಸಿದೆ, ಕುಂಕುಮ. ಬಾವಿಯ ಮರದ ಮೇಲಿನದನ್ನು ಪರೀಕ್ಷಿಸಿದೆ, ಕುಂಕುಮ. ಎರಡೂ ಸಲೀಸಾಗಿ ಬಿಟ್ಟುಬಂದವು. ಕುದುರೆಯ ಹಣೆಗೆ ಬಂದಾಗ ಮೇಲ್ಪದರದ ಪುಡಿ ಕೂಡಲೇ ಬಂತು, ಕೆಳಗಿನದು ಹಟ ಹಿಡಿಯಿತು. ಭೂತಗನ್ನಡಿಯಲ್ಲಿ ನೋಡಿದೆ. ಕೆಂಪು ವಾರ್ನಿಶ್‌ನ ಮೇಲೆ ಕೂತಿತ್ತು. ಮೇಲಿದೆ ಎಂದ ಮೇಲೆ ಚಿತ್ರಕಾರಳದ್ದಲ್ಲ. ನಲವತ್ತು ವರ್ಷದ ಕುಂಕುಮಕ್ಕೆ ದೀಪದೆಣ್ಣೆ ಸೇರಿ ಗಟ್ಟಿಯಾಗಿದೆ ಎಂದುಕೊಂಡೆ. ಪಕ್ಕದಲ್ಲೇ, ಕುಂಕುಮವನ್ನೂ ಎಣ್ಣೆ ಬಣ್ಣವನ್ನೂ ಬೇರೆ ಬೇರೆಯಾಗಿ ತೋರಿಸುವ ಅಲ್ಟ್ರಾವಯಲೆಟ್ ದೀಪವಿತ್ತು. ಅದನ್ನು ಹಚ್ಚಬೇಕಾದರೆ ಪರದೆ ಎಳೆದು ಕೋಣೆ ಕತ್ತಲು ಮಾಡಬೇಕು, ಐದು ನಿಮಿಷದ ಕೆಲಸ. ನನಗೆ ಆ ಐದು ನಿಮಿಷ ಬೇಡವಾಗಿತ್ತು. ದ್ರಾವಣದಲ್ಲಿ ಎಥನಾಲ್ ಪ್ರಮಾಣ ಹೆಚ್ಚಿಸಿದೆ, ನಾಲ್ಕು ಕಡ್ಡಿ ಹತ್ತಿಯಲ್ಲಿ ಹಣೆ ಸ್ವಚ್ಛವಾಯಿತು. ವಾರ್ನಿಶ್ ಕೂಡ ಒಂದಿಷ್ಟು ಬಂತು, ಕೆಳಗೆ ಕುದುರೆಯ ಕಂದು ಮೈ ನುಣ್ಣಗೆ ಹೊಳೆಯಿತು.

ಬಳಸಿದ ಹತ್ತಿಯನ್ನು ನಾವು ಎಸೆಯುವುದಿಲ್ಲ. ಚಿಕ್ಕ ಪಾರದರ್ಶಕ ಪೊಟ್ಟಣಕ್ಕೆ ಹಾಕಿ, ಎಲ್ಲಿಯದೆಂದು ಚೀಟಿ ಅಂಟಿಸಿ ಇಡುತ್ತೇವೆ. ಹಾಗೇ ಇಟ್ಟೆ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋಗಿ ತರಕಾರಿ ತಂದು, ಗೆದ್ದವಳ ಹಾಗೆ ಕಾಫಿ ಕುಡಿದೆ.

ಎರಡು ದಿನದ ಮೇಲೆ ಮುನಿರಾಜು ವಾಟ್ಸಾಪಿನಲ್ಲಿ ಅಂಕಾಳ ಪತ್ರವೊಂದನ್ನು ಕಳಿಸಿದರು. ಇಂಗ್ಲಿಷಿನಲ್ಲಿತ್ತು. "ಮೇಡಂ, ಇದ್ರಲ್ಲಿ ಪಟದ ಬಗ್ಗೆ ಏನೋ ಬರ್ದವ್ರೆ, ನೋಡಿ" ಎಂದು ಕೆಳಗೆ ಬರೆದಿದ್ದರು. ಪತ್ರದ ಸಾರ ಇದು. ಆ ಚಿತ್ರ ಅಪ್ಪ ಚಿಕ್ಕವನಿದ್ದಾಗಿನಿಂದಲೂ ಅಜ್ಜಿಯ ಅಡುಗೆಮನೆಯ ಗೋಡೆಯ ಮೇಲಿತ್ತು. ಅಪ್ಪ ಭಾರತಕ್ಕೆ ಹೊರಟ ಬೆಳಿಗ್ಗೆ ಅಜ್ಜಿ ಅದನ್ನು ಗೋಡೆಯಿಂದ ಇಳಿಸಿ, ನಿಂತ ಕಾಲ ಮೇಲೆಯೇ ಕುದುರೆಯ ಹಣೆಗೆ ಒಂದು ಕೆಂಪು ಕುಚ್ಚು ಬರೆದಳು. ನಮ್ಮ ಕಡೆ ಕುದುರೆಗೂ ಎಳೆ ಮಗುವಿಗೂ ಕೆಟ್ಟ ಕಣ್ಣು ಬೀಳದಿರಲಿ ಎಂದು ಕೆಂಪು ಕುಚ್ಚು, ಕೆಂಪು ದಾರ ಕಟ್ಟುತ್ತಾರೆ. ಬಣ್ಣ ಒಣಗುವವರೆಗೂ ಅಪ್ಪ ರೈಲಿಗೆ ಹೊರಡುವಂತಿರಲಿಲ್ಲ, ಅಜ್ಜಿ ಅದಕ್ಕೆಂದೇ ಅದನ್ನು ಬರೆದಳು ಎಂದು ಅಪ್ಪ ನಗುತ್ತಿದ್ದ. ಚಿತ್ರವನ್ನು ನಾನು ಕಣ್ಣಾರೆ ಕಂಡಿಲ್ಲ, ಪೂಜೆಯ ಫೋಟೊದಲ್ಲಿ ಕುದುರೆಯ ಹಣೆ ಹೂವಿನಡಿ ಮುಚ್ಚಿಹೋಗಿದೆ, ಆದರೆ ಆ ಕುಚ್ಚಿನ ಕಥೆಯನ್ನು ನೂರು ಸಲ ಕೇಳಿದ್ದೇನೆ. ಬಂದ ಕೂಡಲೇ ಮೊದಲು ನೋಡುವುದು ಅದನ್ನೇ.

ಓದಿ ಮುಗಿಸಿ ನೇರವಾಗಿ ಸ್ಟುಡಿಯೊಗೆ ಹೋದೆ. ಪರದೆ ಎಳೆದೆ. ಅವತ್ತು ಬೇಡವಾಗಿದ್ದ ಐದು ನಿಮಿಷ ಈಗ ಧಾರಾಳವಾಗಿ ಸಿಕ್ಕಿತು. ಪೊಟ್ಟಣದ ಹತ್ತಿಯನ್ನು ಆ ದೀಪಕ್ಕೆ ಹಿಡಿದು, ಆಮೇಲೆ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕುಂಕುಮದ ಪುಡಿಯ ನಡುವೆ ಎಣ್ಣೆಯಲ್ಲಿ ಕಟ್ಟಿದ ಬಣ್ಣದ ಚಕ್ಕೆಗಳು. ಅನುಮಾನವೇ ಇಲ್ಲ, ತೈಲವರ್ಣ. ವಾರ್ನಿಶ್ ಬಳಿದು ಎಷ್ಟೋ ವರ್ಷದ ಮೇಲೆ, ಮಗ ಹೊರಟ ಬೆಳಿಗ್ಗೆ, ಅದರ ಮೇಲೆಯೇ ಬರೆದದ್ದು. ಅಲ್ಲಿಗೆ ನನ್ನ ಮೊದಲ ನಿಯಮ ಸುಳ್ಳಾಯಿತು, ಎರಡನೆಯದನ್ನು ನಾನೇ ಮುರಿದಿದ್ದೆ.

ಆಮೇಲಿನ ನಾಲ್ಕು ದಿನ ನಾನು ಮನುಷ್ಯರ ಹಾಗಿರಲಿಲ್ಲ. ಬೆಳಿಗ್ಗೆ ಯಡಿಯೂರು ಕೆರೆಯ ಸುತ್ತ ಎರಡು ಸುತ್ತು ಹಾಕುವವಳು ಏಳೆಂಟು ಸುತ್ತು ಹಾಕಿದೆ. ವಾಕಿಂಗ್ ಬರುವ ಪರಿಚಯದವರು "ಏನ್ ಮೇಡಂ, ಡಾಕ್ಟ್ರು ಹೇಳಿದ್ರಾ?" ಎಂದು ಕೇಳಿದರು. ಒಲೆಯ ಮೇಲೆ ಹಾಲಿಟ್ಟು ಮರೆತೆ. ಸ್ಟುಡಿಯೊದ ಬಾಗಿಲು ತೆರೆಯುವುದು, ಕುದುರೆಯ ಬೋಳು ಹಣೆ ನೋಡುವುದು, ಮತ್ತೆ ಮುಚ್ಚುವುದು.

ಸುಳ್ಳು ಹೇಳುವುದಿಲ್ಲ, ಒಂದು ಯೋಚನೆ ಮತ್ತೆ ಮತ್ತೆ ಬಂತು. ಒಂದು ಕುಚ್ಚು ಬರೆಯಲು ನನಗೆ ಬೇಕಾದದ್ದು ಅರ್ಧ ಗಂಟೆ. ಹಳೆಯ ಬಣ್ಣದಂತೆ ಕಾಣುವ ಹಾಗೆ ಮಾಡುವುದು ನನಗೆ ಬರುತ್ತದೆ. ಅಂಕಾ ಆ ಚಿತ್ರವನ್ನು ಕಣ್ಣಾರೆ ಕಂಡವಳಲ್ಲ. ಮುನಿರಾಜುಗೆ ಗೊತ್ತಾಗುವುದಿಲ್ಲ. ಅವಳು ಬಂದು ನೋಡಿ ಸಂತೋಷದಿಂದ ಅಳುತ್ತಾಳೆ, ನನಗೆ ಥ್ಯಾಂಕ್ಸ್ ಹೇಳುತ್ತಾಳೆ. ಕುಂಚ ತೆಗೆದು ಬಣ್ಣವನ್ನೂ ಕಲಸಿದೆ ಒಂದು ದಿನ. ಆದರೆ ಕುಚ್ಚು ಹೇಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದವರು ಒಬ್ಬರೇ, ಮುಟ್ಟಬೇಡಿ ಎಂದು ಹೇಳಿಕಳಿಸಿದ್ದ ಮುನಿರಾಜು ತಾಯಿ.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೊದಲ್ಲಿ ಕುಳಿತು ಬೇಯುತ್ತ ಗೊಟ್ಟಿಗೆರೆಗೆ ಹೋದೆ. ಮುನಿರಾಜು ಅವರದು ನಾಲ್ಕಂತಸ್ತಿನ ಮನೆ. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆಯವರ ಸ್ಕೂಟರುಗಳು. ಕೆಳಗಿನ ಮನೆಯ ಜಗಲಿಯಲ್ಲಿ ಅವರ ತಾಯಿ ಮುನಿಯಮ್ಮ ನೆನೆಸಿದ ಅವರೆಕಾಳು ಹಿದುಕುತ್ತ ಕುಳಿತಿದ್ದರು. ಎಂಬತ್ತು ದಾಟಿದವರು, ಕೈ ಮಾತ್ರ ಚುರುಕು. ಮುನಿರಾಜು ಮನೆಯಲ್ಲಿರಲಿಲ್ಲ. ನಾನು ಯಾರೆಂದು ಹೇಳಿ ಎದುರಿಗೆ ಕುಳಿತೆ. ಸುಮ್ಮನೆ ಕೂರಲಾಗದೆ ನಾನೂ ಕಾಳಿಗೆ ಕೈ ಹಾಕಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಕುದುರೇದು ಅಳ್ಸಿಬಿಟ್ರಾ?"

"ಹೂಂ ಅಮ್ಮ."

"ಬ್ಯಾಡ ಅಂತ ಹೇಳ್ಕಳ್ಸಿದ್ನಲ್ಲ."

"ಕುಂಕುಮ ಅಂದ್ಕೊಂಡೆ. ಅದು ಮೊದ್ಲಿಂದ ಇತ್ತಾ?"

"ಆ ಪುಣ್ಯಾತ್ಮ ಪಟ ಕೊಟ್ಟ ದಿನಾನೇ ಇತ್ತು ಕಣಮ್ಮ. ನಮ್ಮೆಜಮಾನ್ರು ನೋಡಿ, 'ಅಲ್ಲಾ ಕಣೇ, ಅವರ ದೇಸ್ದಲ್ಲೂ ಕುಂಕುಮ ಇಕ್ತಾರೆ ನೋಡು' ಅಂದ್ರು. ಆಯುಧ ಪೂಜೇಲಿ ಟ್ರಾಕ್ಟರ್‌ಗೆ ಇಟ್ಟಾಗ ಅದ್ರ ಮೇಲೇ ಒಂದು ಬೊಟ್ಟು ಇಟ್ರು. ಅವರಮ್ಮ ಇಟ್ಟಿರೋದು ಮಾಸ್ಬಾರ್ದು ಅಂತ. ಗಾಡಿಗೆ, ಏತಕ್ಕೆ ಇಟ್ಟಿದ್ದೆಲ್ಲ ಆಮ್ಯಾಕೆ ಸುರುವಾಗಿದ್ದು."

ನಾನು ತಲೆ ತಗ್ಗಿಸಿ ಕಾಳು ಹಿದುಕಿದೆ. ನಮ್ಮ ಜನ ಕಂಡದ್ದಕ್ಕೆಲ್ಲ ಕುಂಕುಮ ಬಳಿಯುತ್ತಾರೆ ಎಂದು ಬೈದುಕೊಂಡಿದ್ದೆನಲ್ಲ, ಮುನಿಯಪ್ಪ ಕಂಡದ್ದಕ್ಕೆ ಬಳಿದಿರಲಿಲ್ಲ. ಇದ್ದದ್ದನ್ನು ಕಾಪಾಡಲು ಹೋಗಿದ್ದರು. ಒಂದು ರೀತಿಯಲ್ಲಿ ನನ್ನದೇ ಕೆಲಸವನ್ನು ಅವರಿಗೆ ಗೊತ್ತಿದ್ದ ಹಾಗೆ ಮಾಡುತ್ತಿದ್ದರು.

ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಬಾಯಿಬಿಟ್ಟೆ. "ನಾನೇ ಮತ್ತೆ ಬರ್ದುಬಿಟ್ರೆ ಯಾರಿಗೂ ಗೊತ್ತಾಗಲ್ಲಮ್ಮ."

"ಬರೀರಿ. ಅದು ನೀವು ಇಟ್ಟಿದ್ದು ಆಯ್ತದೆ. ಆ ತಾಯಿ ಇಟ್ಟಿದ್ದು ಹೋಯ್ತಲ್ಲ, ಅದನ್ನ ಆ ಮಗೀಗೆ ಹೇಳೋರು ಯಾರು?"

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಕಾಳಿನ ಸಿಪ್ಪೆಯನ್ನು ಪಕ್ಕಕ್ಕೆ ಸರಿಸುತ್ತ ಹೇಳಿದರು. ಆಮೇಲೆ ಎದ್ದು ಒಳಗಿನಿಂದ ಒಂದು ಕಪ್ಪು ಬಿಳುಪು ಫೋಟೊ ತಂದುಕೊಟ್ಟರು. ಟ್ರಾಕ್ಟರಿನ ಮುಂದೆ ಮುನಿಯಪ್ಪ ಮತ್ತು ಉದ್ದ ಮೂತಿಯ ಬಿಳಿಯ ಹುಡುಗ, ಇಬ್ಬರ ನಡುವೆ ಪಟ. ಭೂತಗನ್ನಡಿ ಹಿಡಿದರೆ ಕುದುರೆಯ ಹಣೆಯ ಮೇಲೆ ಪುಟ್ಟ ಗುಂಡು, ಅದರಿಂದ ಇಳಿದ ಮೂರು ಎಳೆ. ನಡುವಿನದು ಉಳಿದೆರಡಕ್ಕಿಂತ ಉದ್ದ.

ಅಂಕಾ ಗೊಟ್ಟಿಗೆರೆಯ ಮನೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ನಲವತ್ತರ ಆಸುಪಾಸಿನ ಹೆಂಗಸು, ಊರಿನಲ್ಲಿ ಶಾಲೆಯ ಟೀಚರಂತೆ. ಅಪ್ಪನ ಉದ್ದ ಮೂತಿ ಹಾಗೆಯೇ ಇಳಿದುಬಂದಿತ್ತು. ಮುನಿಯಮ್ಮ ಅದನ್ನು ಗುರುತಿಸಿ ಅವಳ ಗಲ್ಲ ಹಿಡಿದು ನಕ್ಕರು. ಪಟವನ್ನು ಕುರ್ಚಿಯ ಮೇಲೆ ಗೋಡೆಗೆ ಒರಗಿಸಿದ್ದೆ. ಹಣೆ ಖಾಲಿಯೇ ಇತ್ತು, ನಾನು ಏನೂ ಬರೆದಿರಲಿಲ್ಲ. ಅವಳು ಹತ್ತಿರ ಹೋಗಿ ಬಗ್ಗಿದಳು. ಬೆರಳು ಮುಂದೆ ಚಾಚಿ, ಮುಟ್ಟದೆ, ಕುದುರೆಯ ಮೇಲೆ ಆಚೀಚೆ ಆಡಿಸಿದಳು. ಅವಳು ಏನು ಹುಡುಕುತ್ತಿದ್ದಾಳೆ ಎನ್ನುವುದು ಆ ಕೋಣೆಯಲ್ಲಿ ಮುನಿರಾಜು ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನಾನು ಹೇಳಿದೆ. ಇಂಗ್ಲಿಷಿನಲ್ಲಿ, ನಾಲ್ಕೇ ವಾಕ್ಯದಲ್ಲಿ. ನಿಮ್ಮ ಅಜ್ಜಿಯ ಕುಚ್ಚನ್ನು ಈ ಮನೆಯವರು ಹಾಳು ಮಾಡಲಿಲ್ಲ. ಅವರು ಬೇಡವೆಂದು ಹೇಳಿಕಳಿಸಿದ್ದರು. ಪರೀಕ್ಷೆ ಮಾಡದೆ ಅಳಿಸಿದವಳು ನಾನು. ಅದು ಈಗ ಇಲ್ಲಿದೆ. ಹತ್ತಿಯ ಪೊಟ್ಟಣವನ್ನು ಅವಳ ಕೈಗಿಟ್ಟೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದರಲ್ಲಿ ನನ್ನ ಅಜ್ಜಿಯದು ಎಷ್ಟು, ಇವರದು ಎಷ್ಟು?" ಎಂದು ಕೇಳಿದಳು.

"ಬೇರೆ ಮಾಡಲು ಬರುವುದಿಲ್ಲ" ಎಂದೆ.

"ನೀವು ಇದನ್ನೇ ಓದಿದವರು ತಾನೆ?" ಎಂದಳು. ಉತ್ತರಕ್ಕೆ ಕಾಯದೆ ಪೊಟ್ಟಣ ಹಿಡಿದುಕೊಂಡೇ ಹೊರಗೆ ಹೋಗಿ ಗೇಟಿನ ಹತ್ತಿರದ ನುಗ್ಗೆ ಮರದ ಕೆಳಗೆ ನಿಂತಳು. ನನಗೆ ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ನನ್ನ ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗಿ ಮುನಿರಾಜು ನನ್ನ ಕಿವಿಯ ಹತ್ತಿರ ಬಂದರು. "ಏನ್ ಮೇಡಂ ಇದು, ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ವಾ? ಯಾರ್ ನೋಡ್ತಿದ್ರು?" ಎಂದು ಪಿಸುಗುಟ್ಟಿದರು. ನನಗೂ ಆ ಹೊತ್ತಿಗೆ ಹಾಗೆಯೇ ಅನ್ನಿಸುತ್ತಿತ್ತು.

ಮುನಿಯಮ್ಮ ಗೋಡೆ ಹಿಡಿದು ಎದ್ದರು. ದೇವರ ಮನೆಯಿಂದ ಕುಂಕುಮದ ಬಟ್ಟಲು ತೆಗೆದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಮರದ ಕೆಳಗೆ ಹೋದರು. ಅವರಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಕಿಟಕಿಯಿಂದ ಕಂಡದ್ದು ಇಷ್ಟೇ: ಮುನಿಯಮ್ಮ ತಮ್ಮ ಕಣ್ಣನ್ನು ತೋರಿಸಿದರು, ಕೈಯಿಂದ ಏನನ್ನೋ ದೂರಕ್ಕೆ ತಳ್ಳಿದರು, ಬೆರಳು ಅದ್ದಿ ಆ ಉದ್ದ ಮೂತಿಯ ಮೇಲಿನ ಹಣೆಗೆ ಕುಂಕುಮ ಇಟ್ಟರು. ಅಂಕಾ ತಲೆ ಬಗ್ಗಿಸಿಕೊಂಡು ನಿಂತಿದ್ದಳು. ನಾನು ಇಡೀ ಜೀವನ ಜಗಳವಾಡಿದ ಆ ಕೆಂಪು ಪುಡಿ ಅವಳ ಮೂಗಿನ ಮೇಲೆ ಉದುರಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಒಳಗೆ ಬಂದ ಮೇಲೆ ಮುನಿಯಮ್ಮ ನನ್ನ ಕಡೆ ತಿರುಗಿ, "ಅವರಪ್ಪ ಹೊರಡೋ ದಿನಾನೂ ಹಿಂಗೇ ಇಕ್ಕಿದ್ದೆ, ಹೇಳಿ ಅವ್ಳಿಗೆ" ಎಂದರು. ಹೇಳಿದೆ. ಅಂಕಾ ಹಣೆಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನತ್ತ ನೋಡಿ ಹೇಳಿದಳು: "ಮತ್ತೆ ಬರೆಯಿರಿ. ಆದರೆ ದೂರದಿಂದ ಕುಚ್ಚು ಕಾಣಬೇಕು, ಹತ್ತಿರ ಬಂದವರಿಗೆ ಅದು ನಿಮ್ಮದು ಅಂತ ತಿಳಿಯಬೇಕು."

ನಮ್ಮ ವೃತ್ತಿಯಲ್ಲಿ ಅಂಥದೊಂದು ಕ್ರಮ ಇದ್ದೇ ಇದೆ, ಅವಳಿಗೆ ಅದು ಗೊತ್ತಿರಲಿಲ್ಲ. ಹೋದದ್ದನ್ನು ತುಂಬುವಾಗ ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆಯುತ್ತೇವೆ. ಎರಡು ಮಾರು ದೂರದಿಂದ ಒಂದೇ ಬಣ್ಣ, ಹತ್ತಿರದಿಂದ ಬರೀ ಗೆರೆ. ಜಲವರ್ಣದಲ್ಲಿ ಬರೆದರೆ ನಾಳೆ ಬೇಡವೆಂದವರು ಒದ್ದೆ ಹತ್ತಿಯಿಂದ ತೆಗೆದು ಹಾಕಬಹುದು. ಜೊತೆಗೆ ತಂದಿದ್ದ ಬಣ್ಣದ ಪೆಟ್ಟಿಗೆ ತೆರೆದು, ಹಳೆಯ ಫೋಟೊವನ್ನು ಎದುರಿಗಿಟ್ಟುಕೊಂಡು, ಕಾಪಾಡುವ ವಾರ್ನಿಶ್ ಹಚ್ಚಿ ಸಿದ್ಧವಾಗಿದ್ದ ಆ ಹಣೆಯ ಮೇಲೆ ಮೂರು ಎಳೆಗಳನ್ನು ಬರೆದೆ. ನಡುವಿನದು ಉದ್ದ. ನಲವತ್ತು ನಿಮಿಷ ಹಿಡಿಯಿತು. ಒಂದು ಗೆರೆ ಸೊಟ್ಟಗಾಯಿತು, ಅದನ್ನು ಹಾಗೆಯೇ ಬಿಟ್ಟೆ. ಹತ್ತಿಯ ಪೊಟ್ಟಣವನ್ನು ಅಂಕಾ ಪಾಸ್‌ಪೋರ್ಟಿನ ಚೀಲದಲ್ಲಿ ಇಟ್ಟುಕೊಂಡಳು.

ಅಂಕಾ ಹೊರಡುವ ಮೊದಲು ಚಿತ್ರದ ಜೊತೆಗೆ ರಿಪೋರ್ಟನ್ನೂ ಕೊಡಬೇಕು, ಅದು ಪದ್ಧತಿ. ಫೈಲು ತೆರೆದೆ. ಮೊದಲ ದಿನ ಒತ್ತಿ ಬರೆದ ಮೂರು ಸಾಲುಗಳೂ ಅಲ್ಲೇ ಇದ್ದವು. ಕುದುರೆಯ ಸಾಲಿನಲ್ಲಿ, "ಹಾನಿಗೆ ಕಾರಣ" ಎಂಬ ಕಾಲಂನ "ಮನೆಯವರ ಪೂಜೆ" ಎನ್ನುವುದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಕುಸುಮಾ, ಸಂರಕ್ಷಕಿ" ಎಂದು ಬರೆದು ಸಹಿ ಹಾಕಿದೆ. ಅಂಕಾ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು. ಮುನಿಯಮ್ಮ ನನಗೂ ಕುಂಕುಮದ ಬಟ್ಟಲು ಹಿಡಿದರು.

ಈಗ ನನ್ನ ರಿಪೋರ್ಟಿನಲ್ಲಿ ಹಾನಿಯ ಕಾಲಂಗಿಂತ ಮೊದಲು ಇನ್ನೊಂದು ಕಾಲಂ ಇದೆ: ಇದನ್ನು ಯಾರು ಇಟ್ಟರು, ಯಾಕೆ ಇಟ್ಟರು. ಅದನ್ನು ತುಂಬುವ ಮುಂಚೆ ಚಿತ್ರ ತಂದವರ ಮನೆಗೆ ಹೋಗಿ ಅಲ್ಲಿನ ಹಿರಿಯರನ್ನು ಕೇಳಿ ಬರುತ್ತೇನೆ. ದ್ರಾವಣದ ಬಾಟಲಿ ತೆರೆಯುವ ಮೊದಲು ಕೇಳಬೇಕು ಎನ್ನುವಷ್ಟನ್ನು ಕಲಿಯಲು ನನಗೆ ಮೂವತ್ಮೂರು ವರ್ಷ ಬೇಕಾಯಿತು.

ಆದರೆ ಸಮಾಧಾನ ಎನ್ನುವುದು ಬಂದಿಲ್ಲ. ಮ್ಯೂಸಿಯಂನಲ್ಲಿದ್ದಾಗ ನಾನು ಅಳಿಸಿದ ಬೊಟ್ಟುಗಳನ್ನು ಈಗ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇನೆ. ಯಾವುದು ಕೊಳೆಯಾಗಿತ್ತು, ಯಾವುದು ಯಾರೋ ತಾಯಿ ಇಟ್ಟದ್ದಾಗಿತ್ತು, ಈಗ ಹೇಳುವವರಿಲ್ಲ. ಆ ರಿಪೋರ್ಟುಗಳೆಲ್ಲ ಅಲ್ಲಿನ ಬೀರುವಿನಲ್ಲಿ ಭದ್ರವಾಗಿವೆ. ಎಲ್ಲದರಲ್ಲೂ "ಹಾನಿಗೆ ಕಾರಣ" ಎಂಬ ಕಾಲಂ ತುಂಬಿದೆ, ಆ ಕಾಲಂನಲ್ಲಿ ನನ್ನ ಹೆಸರು ಒಂದರಲ್ಲೂ ಇಲ್ಲ.